ಮಾವನ ಗುಂಡು, ಅಳಿಯನ ಹೆಬ್ಬೆರಳು

ನನ್ನ ಗಂಡನಿಗೆ ಗುಂಡು ಹೊಡೆದವನು ನನ್ನ ಅಪ್ಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಕ್ಕಿಆಲೂರಿನಲ್ಲಿ ಈ ಸುದ್ದಿಗೆ ಆಗಲೇ ರೆಕ್ಕೆಪುಕ್ಕ ಹುಟ್ಟಿವೆ. ಮರ್ಯಾದೆಗಾಗಿ ಹೊಡೆದ ಎಂದು ಕೆಲವರು, ಆಸ್ತಿಗಾಗಿ ಎಂದು ಕೆಲವರು. ಅಪ್ಪ ಹೊಡೆದದ್ದು ಹಂದಿ ಅಂದುಕೊಂಡು. ಆ ಹೊತ್ತಿನಲ್ಲಿ ನನ್ನ ಗಂಡ ಹಂದಿಯ ಹಾಗೆಯೇ ಕಾಣುತ್ತಿದ್ದ, ಈ ವಿಷಯದಲ್ಲಿ ಮಾತ್ರ ನಾನು ಅಪ್ಪನ ಪರ.

ಚನ್ನೇಶನೂ ನಾನೂ ಹಾನಗಲ್ಲಿನ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು, ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಜಾತಿ ಬೇರೆ. ನಮ್ಮ ತವರುಮನೆ ಊರ ನಡುವಿನ ಓಣಿಯಲ್ಲಿ, ಅವರದು ಊರ ಅಂಚಿನಲ್ಲಿ. ಅಜ್ಜನ ಕಾಲದಿಂದ ಬುದ್ಧನನ್ನು ನಂಬಿದ ಮನೆತನ ಅವರದು. ನನ್ನ ಅಪ್ಪ ಫಕ್ಕೀರಪ್ಪ ನಮ್ಮ ಮದುವೆಗೆ ಬರಲಿಲ್ಲ, ಆಮೇಲೆ ಮಾತೂ ಆಡಲಿಲ್ಲ. ಅವನ ಹೊಲದ ಬದಿಯ ರಸ್ತೆಯಲ್ಲೇ ಚನ್ನೇಶ ದಿನಾ ತನ್ನ ಟೆಂಪೋದಲ್ಲಿ ಅಕ್ಕಿ ಗಿರಣಿಗೆ ಭತ್ತದ ಚೀಲ ಹೇರಿಕೊಂಡು ಹೋಗುತ್ತಿದ್ದ. ಟೆಂಪೋದ ಸಪ್ಪಳ ಕೇಳಿದ ಕೂಡಲೇ ಅಪ್ಪ ಎಮ್ಮೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಎರಡು ವರ್ಷ ಆ ಎಮ್ಮೆ ನನ್ನ ಗಂಡನಿಗಿಂತ ಹೆಚ್ಚು ಸಲ ಅಪ್ಪನ ಮುಖ ನೋಡಿದೆ.

ಹೀಗಿರುವಾಗ ನಾನು ಬಸುರಿಯಾದೆ, ಗೋವಿನಜೋಳದ ಹಾಲುತೆನೆ ತಿನ್ನಬೇಕು ಅನ್ನಿಸಿತು. ಚನ್ನೇಶ ಸಂತೆಯಿಂದ ಒಂದು ಚೀಲ ತಂದ. ಒಂದನ್ನು ಕಚ್ಚಿ ಇಟ್ಟೆ. ಬಸುರಿಗೆ ಬೇಕಾದದ್ದು ಬರೀ ತೆನೆಯಲ್ಲ, ತವರಿನ ಹೊಲದ ತೆನೆ. ಗಂಡಸರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದೆ ಎಂದು ನನ್ನ ಅತ್ತೆ ಕರೆವ್ವ ದಿನಕ್ಕೆರಡು ಸಲ ಮಗನ ಕಿವಿಯಲ್ಲಿ ಊದಿದಳು. ಹೋಗಿ ಕೇಳೋಣವೆಂದರೆ ಮಾತಿಲ್ಲ. ಕೊನೆಗೆ ನನ್ನ ಗಂಡ ಕದಿಯುವುದೇ ಸರಿಯೆಂದು ತೀರ್ಮಾನಿಸಿದ.

ಬೆಳಗಿನ ಮಂಜು, ಇಬ್ಬನಿ. ಅವನು ಕರಿ ಕಂಬಳಿ ಹೊದ್ದುಕೊಂಡು, ಬೇಲಿಯಡಿ ನುಸುಳಿ, ಕೈಕಾಲು ಊರಿ ಅಂಬೆಗಾಲಲ್ಲಿ ಹೊಲದೊಳಗೆ ಹೋದ. ಒಂದೊಂದೇ ತೆನೆ ಮುರಿದು ಕಂಬಳಿಯೊಳಗೆ ತುಂಬಿಕೊಂಡ. ಆ ದಿನಗಳಲ್ಲಿ ಕಾಡುಹಂದಿಗಳು ಬಂದು ಅರ್ಧ ಬೆಳೆ ಉರುಳಿಸಿದ್ದವು. ಅಪ್ಪ ತನ್ನ ಲೈಸೆನ್ಸಿನ ಹಳೆಯ ಬಂದೂಕಿಗೆ ಮದ್ದು ಜಡಿದು, ಒಂದು ಸೀಸದ ಗುಂಡು ಹಾಕಿ ಅಟ್ಟಣಿಗೆಯ ಮೇಲೆ ಕಾಯುತ್ತಿದ್ದ. ಮಂಜಿನಲ್ಲಿ ಕರ್ರಗಿನದೊಂದು ಬೆನ್ನು ಕಂಡಿತು, ತೆನೆ ಮುರಿಯುವ ಸಪ್ಪಳ ಕೇಳಿತು. ಢಂ ಎನಿಸಿದ. ಓಡಿ ಬಂದು ಕಂಬಳಿ ಎತ್ತಿದರೆ ಹಂದಿಗೆ ಮೀಸೆ ಇತ್ತು.

"ಸತ್ತಿಯೇನಲೇ?" ಎಂದು ಅಪ್ಪ ಕೇಳಿದನಂತೆ.

"ಇಲ್ಲರೀ, ಮಾವಾರ" ಎಂದನಂತೆ ಚನ್ನೇಶ.

ಮಾವ ಅಳಿಯ ಜೀವಮಾನದಲ್ಲಿ ಆಡಿದ ಮೊದಲ ಮಾತುಗಳು ಇವು.

ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ರಸ್ತೆಗೆ ಬಂದು, ಹಾಲಿನ ಗಾಡಿ ನಿಲ್ಲಿಸಿ, ಕ್ಯಾನುಗಳ ನಡುವೆ ಮಲಗಿಸಿದ. ದಾರಿಯಲ್ಲಿ ನಮ್ಮ ಮನೆಯ ಮುಂದೆ ಹಾರ್ನ್ ಹೊಡೆಸಿ ನನ್ನನ್ನೂ ಅತ್ತೆಯನ್ನೂ ಹತ್ತಿಸಿಕೊಂಡ. ತನ್ನ ರುಮಾಲು ಬಿಚ್ಚಿ ಅಳಿಯನ ತೊಡೆಗೆ ಬಿಗಿದು, ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದುಕೊಂಡು ಶಿಗ್ಗಾಂವದ ತನಕ ಹಾಗೆಯೇ ಕೂತಿದ್ದ. ನನಗೆ ಸಿಟ್ಟು, ಹೆದರಿಕೆ, ಅಳು ಎಲ್ಲ ಒಟ್ಟಿಗೇ ಬಂದು, ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಹಾಲಿನ ಕ್ಯಾನು ಹಿಡಿದುಕೊಂಡು ಕೂತೆ.

ಶಿಗ್ಗಾಂವದ ದವಾಖಾನೆಯ ಡಾಕ್ಟರ್ ಫಾರೂಕ ಸವಣೂರಿನವರು, ಬಹಳ ವರ್ಷ ಮಿಲಿಟರಿ ದವಾಖಾನೆಯಲ್ಲಿ ಕೆಲಸ ಮಾಡಿ ಬಂದವರು. ಇಲ್ಲಿ ಅವರಿಗೆ ಸಿಗುತ್ತಿದ್ದುದು ಎತ್ತು ಹಾಯ್ದವರು, ಚೇಳು ಕಡಿದವರು, ಹೈವೇಯಲ್ಲಿ ಬೈಕಿನಿಂದ ಬಿದ್ದವರು. ಚನ್ನೇಶನ ತೊಡೆ ನೋಡಿದ್ದೇ ತಡ, ಅವರ ಮುಖ ಅರಳಿತು. ಹಳೆಯ ಗೆಳೆಯ ಸಿಕ್ಕವರ ಹಾಗೆ ಕೈ ತೊಳೆದುಕೊಂಡು ಬಂದರು.

"ಏನಾತೋ ತಮ್ಮಾ?"

"ಗಾಡಿ ಮ್ಯಾಲಿಂದ ಜಾರಿ ಕಬ್ಬಿಣದ ಸಳಿ ಮ್ಯಾಲೆ ಬಿದ್ನಿರಿ" ಎಂದ ಚನ್ನೇಶ. ಮಾವನನ್ನು ಉಳಿಸುವ ಹಂಚಿಕೆ ಇದು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ತೊಡೆಯ ಎಲುಬಿನ ಪಕ್ಕದಲ್ಲಿ ಗೋಲಿಯಂಥದ್ದೊಂದು ಬೆಳ್ಳಗೆ ಕೂತಿತ್ತು. "ಈ ಸಳಿ ಬಾಳ ದುಂಡಗ ಐತಲ್ಲೋ" ಎಂದರು.

ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಒಳಗೆ ಬಂದ. "ಹೊಡದಾಂವ ನಾನ ರಿ. ಬರಕೋರಿ."

ಗುಂಡೇಟು ಅಂದಮೇಲೆ ಪೊಲೀಸರಿಗೆ ತಿಳಿಸಲೇಬೇಕು. ಫೌಜದಾರರು ಬಂದರು. ಮಾವ ತಪ್ಪೆಲ್ಲ ತನ್ನದು ಅನ್ನುತ್ತಾನೆ, ಅಳಿಯ ತನ್ನದು ಅನ್ನುತ್ತಾನೆ. "ಮಾವಾರದೇನೂ ತಪ್ಪಿಲ್ರಿ ಸಾಹೇಬ್ರ, ನಾ ಹಂದಿ ಹಂಗ ಬಂದಿದ್ದೆ" ಎಂದ ಚನ್ನೇಶ. ಫೌಜದಾರರು ಪೆನ್ನು ನಿಲ್ಲಿಸಿ, "ಹಂದಿ ಹಂಗ ಅಂತ ಬರೀಲೇನು?" ಎಂದು ಕೇಳಿದರು. "ಬರೀರಿ" ಎಂದ. ಬಂದೂಕು ಠಾಣೆ ಸೇರಿತು, ಲೈಸೆನ್ಸೂ ಹೋಯಿತು, ಅಪ್ಪ ಆಮೇಲೆ ಕೆಲವು ಸಲ ಕಚೇರಿಗೆ ಅಲೆದ. ಆಕಸ್ಮಿಕ ಎಂದು ಬರೆದುಕೊಂಡದ್ದರಿಂದ ಅಷ್ಟಕ್ಕೇ ಮುಗಿಯಿತು.

ಡಾಕ್ಟರಿಗೆ ಪೊಲೀಸರಿಗಿಂತ ಕಂಬಳಿಯ ಚಿಂತೆ ಹೆಚ್ಚಾಗಿತ್ತು. ಗುಂಡು ಬರಿಗೈಯಲ್ಲಿ ಒಳಗೆ ಹೋಗುವುದಿಲ್ಲವಂತೆ, ದಾರಿಯಲ್ಲಿ ಸಿಕ್ಕ ಬಟ್ಟೆಯನ್ನೂ ಹರಿದು ಎಳೆದುಕೊಂಡು ಹೋಗುತ್ತದಂತೆ. ಗಾಯದೊಳಗಿಂದ ಅವರು ಪ್ಯಾಂಟಿನ ಚೂರು ತೆಗೆದರು, ಕರಿ ಉಣ್ಣೆಯ ಗಂಟು ತೆಗೆದರು. ಅವನ್ನು ಟ್ರೇಯಲ್ಲಿ ಹರಡಿ, ಕಂಬಳಿಯ ತೂತಿನ ಪಕ್ಕಕ್ಕಿಟ್ಟು, ದರ್ಜಿಯ ಹಾಗೆ ಕೂಡಿಸಿ ನೋಡಿದರು. "ಇನ್ನೂ ಒಂದು ಚೂರು ಕಡಿಮಿ ಬೀಳತೈತಿ" ಎಂದು ಮತ್ತೊಮ್ಮೆ ಒಳಗೆ ಹೋಗಿ ಅದನ್ನೂ ಹುಡುಕಿ ತಂದರು. ಅದು ಒಳಗೇ ಉಳಿದಿದ್ದರೆ ಕೀವಾಗಿ ಕಾಲಿಗೇ ಕುತ್ತು ಬರುತ್ತಿತ್ತಂತೆ.

ಆದರೆ ಗುಂಡನ್ನು ತೆಗೆಯಲಿಲ್ಲ. ಗಾಯವನ್ನು ಹೊಲಿಯಲೂ ಇಲ್ಲ. ಒಳಗೆ ಬಟ್ಟೆ ತುಂಬಿ, ಮೇಲೆ ಪಟ್ಟಿ ಸುತ್ತಿ ಬಿಟ್ಟರು. ಇದನ್ನು ಕೇಳಿ ನನ್ನ ಅತ್ತೆ ಹೌಹಾರಿದಳು.

"ಗುಂಡು ಒಳಗ ಬಿಟ್ರಿ, ಬಾಯಿ ಹೊರಗ ತೆರದ್ರಿ. ಇದೆಂಥಾ ಇಲಾಜರೀ ಡಾಕ್ಟರ್ರ? ಚೀಲ ಹರದ್ರ ನಾವು ದಬ್ಬಣ ತಗೊಂಡು ಹೊಲೀತೇವಿ."

"ಹಸಿ ಭತ್ತ ತುಂಬಿದ ಚೀಲದ ಬಾಯಿ ಹೊಲದ್ರ ಏನಾಗತೈತೆವ್ವ?"

"ಒಳಗ ಕಾವು ಎದ್ದು ನಾರತೈತಿ."

"ಇದೂ ಹಂಗ. ಒಳಗ ಎಷ್ಟು ಮಾಂಸ ಸತ್ತೈತಿ, ಎಷ್ಟು ಬದುಕೇತಿ ಅಂತ ಇವತ್ತ ಪೂರ್ತಿ ತಿಳಿಯೂದಿಲ್ಲ. ಒಂದಷ್ಟ ದಿನ ನೋಡಿ ಆಮ್ಯಾಲೆ ಹೊಲಿಯೂಣು. ಗುಂಡು ಮಾಡೂ ಕೆಲಸ ಮಾಡಿ ಮುಗಿಸೇತಿ, ಈಗ ಸುಮ್ಮನ ಕುಂತೈತಿ. ಅದನ್ನ ಹುಡುಕೂ ಸಲುವಾಗಿ ಒಳ್ಳೆ ಮಾಂಸ ಕೊಯ್ಯೂದು ಬ್ಯಾಡ."

ಅತ್ತೆ ಅರ್ಧ ಒಪ್ಪಿದಳು. ಆಗಲೇ ಡಾಕ್ಟರು ಚನ್ನೇಶನ ಗುಂಡು ಬಿದ್ದ ಬಲಗಾಲನ್ನು ಮುಟ್ಟಿ, "ಪಾದ ಮ್ಯಾಲೆ ಎತ್ತು" ಎಂದರು.

ಪಾದ ಏಳಲಿಲ್ಲ. ಚನ್ನೇಶ ಹಲ್ಲು ಕಚ್ಚಿದ, ಹಣೆಯಲ್ಲಿ ಬೆವರು ಮೂಡಿತು. ಪಾದ ಜೋತುಬಿದ್ದೇ ಇತ್ತು. "ಹೆಬ್ಬೆರಳಾದ್ರೂ?" ಎಂದರು. ಹೆಬ್ಬೆರಳೂ ಅಲ್ಲಾಡಲಿಲ್ಲ. ಟೆಂಪೋದ ಬ್ರೇಕು, ಎಕ್ಸಲರೇಟರು ಎರಡೂ ಬಲಗಾಲಿನವು. ಅವನಿಗೆ ಗೊತ್ತಿರುವ ಕೆಲಸ ಅದೊಂದೇ. ಹುಟ್ಟಲಿರುವ ಕೂಸು, ಮುದುಕಿ ತಾಯಿ, ನಾನು, ಎಲ್ಲರೂ ಆ ಒಂದು ಪಾದದ ಮೇಲೆ ನಿಂತಿದ್ದೆವು. ನಾಲ್ಕು ತೆನೆಯ ಆಸೆಗೆ ಇದೇನು ಮಾಡಿಕೊಂಡೆವು ಎಂದು ನಾನು ಬಾಯಿಬಿಟ್ಟು ಅಳತೊಡಗಿದೆ.

"ಅಳಬ್ಯಾಡ ತಂಗಿ, ತಡೀ ತೋರಸ್ತೇನಿ" ಎಂದು ಡಾಕ್ಟರು ಅತ್ತಿತ್ತ ನೋಡಿದರು. ಕಿಟಕಿಯಲ್ಲಿ ಅತ್ತೆ ತರಿಸಿದ ಗಟ್ಟಿ ಮೊಸರಿನ ಡಬ್ಬಿಯಿತ್ತು. ಅದರ ಮುಚ್ಚಳ ತೆಗೆದು, ತಮ್ಮ ಪೆನ್ನಿನ ಮುಚ್ಚಳವನ್ನು ತಲೆಯೆತ್ತರಕ್ಕೆ ಹಿಡಿದು, ಗುರಿಯಿಟ್ಟು ಜೋರಾಗಿ ಮೊಸರಿಗೆ ಒಗೆದರು. ಮೊಸರು ಸಿಡಿದು ಅವರ ಬಿಳಿ ಕೋಟಿಗೂ, ಅತ್ತೆಯ ಮೂಗಿಗೂ, ಅಪ್ಪನ ಮೀಸೆಗೂ ಹಾರಿತು.

"ನೋಡಿದ್ರ್ಯಾ? ಮುಚ್ಚಳ ಹೋದದ್ದು ಬೆರಳಿನಷ್ಟ ಸಣ್ಣ ದಾರ್‍ಯಾಗ. ಮೊಸರು ಎಲ್ಲೀತನ ಹಾರಿತು? ಗುಂಡು ಹೋಗೂ ಮುಂದ ಸುತ್ತಿನ ಮಾಂಸ ಹಿಂಗ ದೂರ ಸರದು ಮತ್ತ ಬಂದು ಕೂಡತೈತಿ. ಹೊರಗ ಸಣ್ಣ ತೂತು ಕಾಣತೈತಿ, ಒಳಗ ಪೆಟ್ಟು ಅಗಲ ಆಗಿರತೈತಿ. ನಿನ್ನ ಗಂಡನ ನರಕ್ಕ ಗುಂಡು ತಾಕಿಲ್ಲ, ನಾ ಕಣ್ಣಾರೆ ನೋಡೇನಿ, ಇಡಿಯಾಗಿ ಐತಿ. ಪಕ್ಕದಾಗ ಹಾದು ಹೋತಲ್ಲ, ಆ ಜಗ್ಗಾಟಕ್ಕ ಮಂಪರು ಹಿಡದೈತಿ. ತಾನಾಗಿ ಏಳಬೇಕು."

"ಯಾವಾಗ ಏಳತೈತ್ರಿ?"

"ವಾರ ಅಂದ್ರ ವಾರ, ತಿಂಗಳ ಅಂದ್ರ ತಿಂಗಳ. ಆಗೂದ ಇಲ್ಲ ಅಂತೂ ನಾ ಅನ್ನೂದಿಲ್ಲ, ಖಂಡಿತ ಆಗತೈತಿ ಅಂತೂ ಬರದು ಕೊಡೂದಿಲ್ಲ. ಅಲ್ಲೀತನ ದಿನಾ ಆ ಪಾದ ಹಿಡದು ಮ್ಯಾಲೆ ಕೆಳಗ ಮಡಚಿ ಬಿಡಸ್ಬೇಕು. ಇಲ್ಲಂದ್ರ ಹಿಮ್ಮಡ ಬಿಗದು, ನರ ಎದ್ರೂ ಕಾಲು ಏಳೂದಿಲ್ಲ. ಯಾರ ಮಾಡ್ತೀರಿ?"

ನನ್ನ ಹೊಟ್ಟೆ ಬಗ್ಗಲು ಬಿಡುತ್ತಿರಲಿಲ್ಲ. ಅತ್ತೆಯ ಬೆರಳ ಗಂಟುಗಳು ವಾತದಿಂದ ಊದಿದ್ದವು. ನಾವಿಬ್ಬರೂ ಮುಖ ಮುಖ ನೋಡುವಷ್ಟರಲ್ಲಿ ಅಪ್ಪ ಮೀಸೆಯ ಮೊಸರು ಒರೆಸಿಕೊಂಡು ಮುಂದೆ ಬಂದು, ಮಂಚದ ತುದಿಗೆ ಕೂತು, ಅಳಿಯನ ಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

ಮದುವೆಯಲ್ಲಿ ಅಳಿಯನ ಪಾದ ತೊಳೆಯಬೇಕಾಗಿದ್ದ ಮನುಷ್ಯ. ಇಂಥವನ ಕಾಲು ಮುಟ್ಟುವುದಕ್ಕಿಂತ ಬೆಂಕಿ ಮುಟ್ಟುತ್ತೇನೆ ಎಂದು ಅವತ್ತು ಓಣಿಯಲ್ಲಿ ನಿಂತು ಕೂಗಾಡಿದ್ದ. ಅತ್ತೆಗೂ ಅದು ನೆನಪಿತ್ತು. ಅವಳು ಗಾಬರಿಯಿಂದ, "ಬ್ಯಾಡ್ರಿ ಬೀಗರ, ನೀವು ಕಾಲು ಹಿಡಿಯೂದು ಬ್ಯಾಡ್ರಿ" ಎಂದಳು.

"ಗುಂಡು ನಂದಲ್ಲೇನು? ಕಾಲೂ ನಂದ" ಎಂದ ಅಪ್ಪ. ತಲೆ ಎತ್ತಲಿಲ್ಲ.

ಗಾಯ ಹೊಲಿದು ಮನೆಗೆ ಬಂದ ಮೇಲೂ ಅಪ್ಪ ಬಿಡಲಿಲ್ಲ. ದಿನಾ ಸಂಜೆ ಹೊಲದ ಕೆಲಸ ಮುಗಿಸಿ, ಮುಖ ತೊಳೆದು, ನಮ್ಮ ಓಣಿಗೆ ಬರುತ್ತಿದ್ದ. ಮೊದಮೊದಲು ಓಣಿಯ ಮಕ್ಕಳೆಲ್ಲ ಹಿಂದೆ ಬರುತ್ತಿದ್ದವು. ಮದುವೆಯಾದ ಮೇಲೆ ಆ ಹೊಸ್ತಿಲು ತುಳಿಯದಿದ್ದವನು, ಈಗ ಬುದ್ಧನ ಫೋಟೋದ ಕೆಳಗೆ ಚಾಪೆ ಹಾಸಿಕೊಂಡು, ಅಳಿಯನ ಪಾದ ಹಿಡಿದು ಮೇಲೆ ಕೆಳಗೆ ಮಾಡುತ್ತ ಕೂರುತ್ತಿದ್ದ. ಬಾಯಲ್ಲಿ ಮಾತಿಲ್ಲ. ಇಬ್ಬರೂ ಪಾದವನ್ನೇ ನೋಡುತ್ತಿದ್ದರು.

ಊರವರಿಗೆ ಆ ಗುಂಡಿನದೇ ಹಂಬಲ. ಒಳಗೆ ಗುಂಡಿಟ್ಟುಕೊಂಡ ಮನುಷ್ಯನನ್ನು ನೋಡಲು ಬರುವವರಿಗೆ ಚಹಾ ಕೊಟ್ಟು ಕೊಟ್ಟು ನನಗೆ ಸಾಕಾಯಿತು. ಪಕ್ಕದ ಮನೆಯ ಸಿದ್ದವ್ವ ಕೆಟ್ಟ ಸ್ಪೀಕರಿನ ಅಯಸ್ಕಾಂತ ತಂದು ಚನ್ನೇಶನ ತೊಡೆಗೆ ಕಟ್ಟಿ, ಗುಂಡು ಚರ್ಮದ ತನಕ ಬರುವುದನ್ನು ಕಾಯುತ್ತ ಒಂದಿಡೀ ಮಧ್ಯಾಹ್ನ ಕೂತಳು. ಸೀಸಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ ಎಂದರೆ, "ನಿಮ್ಮಪ್ಪನ ಗುಂಡು ನಿಮ್ಮಪ್ಪನಂಗ ಹಟಮಾರಿ" ಎಂದು ಎದ್ದು ಹೋದಳು. ಸಂಜೆ ಇದನ್ನು ಕೇಳಿ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಚನ್ನೇಶನೂ ನಕ್ಕ. ಅಲ್ಲಿಂದ ಮಾತು ಶುರುವಾಯಿತು.

ಶುರುವಾದದ್ದು ನಿಲ್ಲಲೇ ಇಲ್ಲ. ಹಂದಿ ಯಾವ ದಾರಿಯಿಂದ ಬರುತ್ತದೆ, ಟೆಂಪೋದ ಕ್ಲಚ್ಚು ಯಾಕೆ ಜಾರುತ್ತದೆ, ಯಾವ ಗಿರಣಿಯಲ್ಲಿ ಅಕ್ಕಿ ನುಚ್ಚಾಗುತ್ತದೆ. ಹುಡುಗನಾಗಿದ್ದಾಗ ಹಿರೇಕೆರೂರಿಗೆ ಕುಸ್ತಿ ನೋಡಲು ಹೋಗಿ ತಾನೇ ಕಣಕ್ಕಿಳಿದು ಮಣ್ಣು ಮುಕ್ಕಿದ್ದನ್ನು ಅಪ್ಪ ಹೇಳಿದ. ಹೆತ್ತ ಮಗಳಾದ ನನಗೆ ಅದನ್ನು ಯಾವತ್ತೂ ಹೇಳಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ, ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಅಪ್ಪ ಬರುವಾಗ ಹಾಲುತೆನೆ ತರುತ್ತಿದ್ದ. ಅದನ್ನು ನನ್ನ ಕೈಗೆ ಕೊಟ್ಟು, "ಅಂವಗೂ ಸುಟ್ಟು ಕೊಡು" ಎನ್ನುತ್ತಿದ್ದ.

ಪಾದ ಮಾತ್ರ ಏಳಲಿಲ್ಲ. ಹೆಬ್ಬೆರಳು ಅಲ್ಲಾಡಲಿಲ್ಲ. ಟೆಂಪೋ ಅಂಗಳದಲ್ಲಿ ನಿಂತು ಅದರ ಮೇಲೆ ಕೋಳಿ ಮಲಗತೊಡಗಿದವು. ಗಿರಣಿಯವರು ಬೇರೆ ಗಾಡಿ ಗೊತ್ತು ಮಾಡುತ್ತೇವೆ ಎಂದು ಹೇಳಿಕಳಿಸಿದರು. ನಾನು ಸ್ನಾನಕ್ಕೆ ಹೋದಾಗ ನೀರು ಸುರುವಿಕೊಂಡು ಅಳುತ್ತಿದ್ದೆ, ಹಾಗಾದರೆ ಯಾರಿಗೂ ಕೇಳುವುದಿಲ್ಲ.

ಒಂದು ಸಂಜೆ ಅಪ್ಪ ಕಾಲು ತಿಕ್ಕಿ, ಚಹಾ ಕುಡಿದು ಎದ್ದು ಹೋದ. ನಾನು ಹಿತ್ತಲಿನಿಂದ ಬಟ್ಟೆ ತೆಗೆದುಕೊಂಡು ಬರುತ್ತ ಕಿಟಕಿಯಲ್ಲಿ ಇಣುಕಿದೆ. ಚನ್ನೇಶ ಮಂಚದ ಮೇಲೆ ಮಲಗಿದ್ದ. ಅವನ ಮೊಬೈಲು ಕಾಲ್ದೆಸೆಯಲ್ಲಿ ಬಿದ್ದಿತ್ತು. ಅವನು ಆರಾಮವಾಗಿ ಬಲಗಾಲನ್ನು ಚಾಚಿ, ಹೆಬ್ಬೆರಳಿನಲ್ಲಿ ಚಾರ್ಜರಿನ ವೈರಿಗೆ ಕೊಕ್ಕೆ ಹಾಕಿ, ಮೊಬೈಲನ್ನು ಕೈಯ ತನಕ ಎಳೆದುಕೊಂಡ. ಆಮೇಲೆ ಪಾದವನ್ನು ಎತ್ತಿ ಗೋಡೆಗೆ ಒರಗಿಸಿ ಬೆರಳುಗಳನ್ನು ಒಂದೊಂದಾಗಿ ಕುಣಿಸಿದ.

ಬಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದೆ. ಮೊದಲು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟೆ. ಆಮೇಲೆ ತಲೆದಿಂಬು ತೆಗೆದುಕೊಂಡು ಬಾರಿಸಿದೆ.

"ಯಾವಾಗಿಂದ ಏಳಾಕತ್ತೈತಿ?"

"ಬಾಳ ದಿನ ಆಗಿಲ್ಲ" ಎಂದ, ತಲೆಗೆ ಕೈ ಅಡ್ಡ ಹಿಡಿದು.

"ನಾ ಇಲ್ಲಿ ಅಳಾಕತ್ತೇನಿ, ನೀ ಸತ್ತ ಕಾಲಿನ ನಾಟಕ ಮಾಡಾಕತ್ತೀಯೇನು? ಗಾಡಿ ನಿಂತೈತಿ, ಗಿರಣಿ ಕೈ ಬಿಡಾಕತ್ತೈತಿ!"

ಅವನು ದಿಂಬನ್ನು ಮೆಲ್ಲಗೆ ಕಿತ್ತುಕೊಂಡ. "ಶೈಲಾ, ಕಾಲು ಎದ್ದೈತಿ ಅಂತ ಗೊತ್ತಾದ್ರ ನಿಮ್ಮಪ್ಪ ನಾಳಿಂದ ಬರೂದಿಲ್ಲ. ನಂಗ ಅಪ್ಪ ಇಲ್ಲ. ಸಣ್ಣಾಂವಿದ್ದಾಗ ಹೋದ. ಹಿಂಗ ಯಾರೂ ನನ್ನ ಮುಂದ ಕುಂತು ಮಾತಾಡಿದ್ದಿಲ್ಲ. ಇನ್ನೊಂದು ನಾಕ ದಿನ ಅನಕೊಂಡೆ, ಮತ್ತ ನಾಕ ದಿನ ಆತು."

ಸಿಟ್ಟು ಇಳಿಯಿತು ಎಂದು ಹೇಳಲಾರೆ, ಆದರೆ ಹೊಡೆಯಲು ಕೈ ಬರಲಿಲ್ಲ. ಹಾಗೆಂದು ಸುಮ್ಮನಿರುವುದೂ ಆಗಲಿಲ್ಲ. ನನ್ನ ಅಪ್ಪ ದಿನವೆಲ್ಲ ಹೊಲದಲ್ಲಿ ದುಡಿದು, ದಣಿದ ಸೊಂಟ ಹೊತ್ತುಕೊಂಡು ಬರುತ್ತಾನೆ. ಅವನನ್ನು ಹೀಗೆ ಮಂಗ ಮಾಡುವುದನ್ನು ನನಗೆ ಸಹಿಸಲಾಗಲಿಲ್ಲ. ಅವನಿಗೆ ಹೇಳಿಯೇ ಬಿಡುತ್ತೇನೆಂದು ಹೊಟ್ಟೆ ಹಿಡಿದುಕೊಂಡು ಹಿಂದೆ ಹೋದೆ. ಅಪ್ಪ ಓಣಿಯ ತಿರುವಿನಲ್ಲಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಅಪ್ಪಾ, ಅಂವನ ಕಾಲು ಛಲೋ ಆಗೇತಿ. ಸುಳ್ಳ ನಾಟಕ ಮಾಡಾಕತ್ತಾನ."

ಅಪ್ಪ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ."

"ಗೊತ್ತೈತಿ?"

"ಕಾಲು ನನ್ನ ಕೈಯಾಗ ಇರತೈತಲ್ಲ ಯವ್ವ. ಕೆಲವು ದಿನದಿಂದ ಅಂಗೈಯನ್ನ ದಬ್ಬಾಕತ್ತೈತಿ. ದಬ್ಬತೈತಿ, ಅಂವಗ ನೆನಪಾಗತೈತಿ, ಮತ್ತ ಸತ್ತಂಗ ಬೀಳತೈತಿ." ಅಪ್ಪ ನಕ್ಕ. "ಮೊದಲನೇ ಸಲ ದಬ್ಬಿದ ದಿನ ನಾ ಇದ ಕಟ್ಟಿ ಮ್ಯಾಲೆ ಕುಂತು ಅತ್ತೇನಿ."

"ಹಂಗಾರ ಯಾಕ ಸುಮ್ಮನಿದ್ದಿ? ಯಾಕ ದಿನಾ ಬಂದು ತಿಕ್ಕಾಕತ್ತಿ?"

ಅವನು ಎಲೆ ಮಡಚಿ ಬಾಯಿಗಿಟ್ಟುಕೊಂಡ. "ಕಾಲು ಗುಣ ಆತಂದ್ರ ನಾ ಏನ್ ನೆವಾ ಮಾಡಿ ಬರ್ಲಿ? ಅಷ್ಟೆಲ್ಲ ಮಂದಿ ಮುಂದ ಒದರಾಡಿ, ಸುಮ್ಮನ ಹೆಂಗ ಬರ್ಲಿ ಮಗಳ ಮನಿಗೆ?"

ನನ್ನ ಅಪ್ಪ ಹೀಗೆ ಕೇಳಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು. ನನಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಬೈಯಲು ಶುರು ಮಾಡಿದೆ. ನೀವಿಬ್ಬರೂ ಕೂಡಿ ನನ್ನನ್ನು ಹುಚ್ಚಿ ಮಾಡುತ್ತೀರಿ, ನಾನು ಬಸುರಿ ಎನ್ನುವ ಖಬರು ಯಾರಿಗೂ ಇಲ್ಲ, ಗಾಡಿ ಓಡದಿದ್ದರೆ ಹೊಟ್ಟೆಗೆ ಏನು, ಎಂದೆಲ್ಲ ಅಂದೆ. ಅಪ್ಪ ತಪ್ಪು ಮಾಡಿದ ಹುಡುಗನ ಹಾಗೆ ಕೇಳಿಸಿಕೊಂಡು, ಎದ್ದು, ನನ್ನ ಜೊತೆ ಮನೆಗೆ ತಿರುಗಿ ಬಂದ.

ಚನ್ನೇಶ ಅಂಗಳದಲ್ಲಿ ಎರಡೂ ಕಾಲ ಮೇಲೆ ನಿಂತು ಟೆಂಪೋದ ಮೇಲಿನ ಕೋಳಿ ಓಡಿಸುತ್ತಿದ್ದ. ಮಾವನನ್ನು ಕಂಡದ್ದೇ ಗಾಬರಿಯಾಗಿ ಒಳಗೆ ಓಡಿ ಮಂಚದ ಮೇಲೆ ಬಿದ್ದು ಪಾದವನ್ನು ಜೋತುಬಿಟ್ಟ. ಗಡಿಬಿಡಿಯಲ್ಲಿ ಎಡಗಾಲನ್ನು ಜೋತುಬಿಟ್ಟಿದ್ದ.

ಅಪ್ಪ ಚಾಪೆ ಎಳೆದುಕೊಂಡು ಕೂತು, ಎಡಗಾಲನ್ನು ಪಕ್ಕಕ್ಕಿಟ್ಟು, ಬಲಗಾಲನ್ನು ತೊಡೆಯ ಮೇಲಕ್ಕೆ ತೆಗೆದುಕೊಂಡ. ಮೇಲೆ ಕೆಳಗೆ ಮಾಡತೊಡಗಿದ.

"ನಾಳಿಂದ ಮುಂಜಾನಿ ಗಾಡಿ ಹೊಡಿ" ಎಂದ. "ಗಿರಣಿ ಕೆಲಸ ಬಿಡಬ್ಯಾಡ. ಸಂಜಿಕ ನಾ ಬರೂ ಹೊತ್ತಿಗೆ ಮನ್ಯಾಗ ಮಲಗಿರಬೇಕು. ಕಾಲು ಸತ್ತಿರಬೇಕು ಮತ್ತ."

ಚನ್ನೇಶ ನನ್ನ ಮುಖ ನೋಡಿದ, ಮಾವನ ಮುಖ ನೋಡಿದ. ಅವನ ಕಣ್ಣು ತುಂಬಿದ್ದವು.

"ಹೂನ್ರಿ, ಮಾವಾರ" ಎಂದ.